ಹಾಕಿ ತೆಗೆಯುವ ಕೆಲಸ

ಸೊಸೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯತೊಡಗಿದ ಮೇಲೆ ಪುತ್ತೂರಿನ ನಮ್ಮ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸಂಬಳ

"ನಿನ್ನ ಕೆಲಸ ಎಂತದ್ದು?" ಎಂದು ಕೇಳಿದೆ.

"ಬರೆಯುವ ಸಾಫ್ಟ್‌ವೇರ್ ಉಂಟಲ್ಲ ಅತ್ತೆ, ಅದಕ್ಕೆ ಹೊಸ ಅಪ್‌ಡೇಟ್ ಹಾಕುದು. ಮತ್ತೆ ಅದನ್ನು ತೆಗೆದು ಹಳತಕ್ಕೆ ಬರುದು. ಎಲ್ಲ ಮೊದಲಿನ ಹಾಗೇ ಉಂಟಾ ಅಂತ ನೋಡುದು. ಜನರಿಗೆ ಹೊಸದು ಸರಿಯಾಗದಿದ್ರೆ ಹಿಂದೆ ಬರ್ಲಿಕ್ಕೆ ಆಗ್ಬೇಕಲ್ಲ?"

"ಹಾಕಿದ್ದನ್ನು ತೆಗೆಯಲಿಕ್ಕೆ ಸಂಬಳವಾ? ನಿನ್ನ ಮಾವ ಗೋಡೆಗೆ ಹೊಡೆದ ಮೊಳೆಗಳನ್ನು ನಾನು ನಲವತ್ತು ವರ್ಷದಿಂದ ಪುಕ್ಕಟೆ ತೆಗೆಯುತ್ತಿದ್ದೇನೆ."

ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಅದರಲ್ಲಿ ಎರಡು ನೆಟ್ಟಗೆ ಇದ್ದವು" ಎಂದರು.

ಕಾಗದ

ಈ ಹಾಕಿ ತೆಗೆಯುವ ಪರೀಕ್ಷೆಗೆ ನಿಜವಾದ ಬರಹ ಬೇಕಂತೆ. ಸೊಸೆ ಹೊಸ ಅಪ್‌ಡೇಟ್ ಹಾಕಿ ನನ್ನನ್ನು ಕೂರಿಸಿದಳು. ನಾನು, ಮದುವೆಯಾಗಿ ಗದಗಿಗೆ ಹೋಗಿ ಅಲ್ಲಿಯ ಮಾತನ್ನೇ ಕಲಿತ ನನ್ನ ಅಕ್ಕನಿಗೆ ಕಾಗದ ಶುರು ಮಾಡಿದೆ. ಅಮ್ಮನ ಸೀರೆ ಯಾರಿಗೆ ಎಂಬಲ್ಲಿ ಮುನಿದು ಎರಡು ವರ್ಷದಿಂದ ನಮಗೆ ಮಾತಿಲ್ಲ. ಇಬ್ಬರಿಗೂ ಎಪ್ಪತ್ತು ದಾಟಿದೆ, ಯಾರಾದರೊಬ್ಬರು ಸೋಲಬೇಕಲ್ಲ.

ಮೊದಲ ದಿನ ಪುಟಗಟ್ಟಲೆ ಬೈದೆ. ಮರುದಿನ ನಾಚಿಕೆಯಾಗಿ ಅಷ್ಟನ್ನೂ ಅಳಿಸಿದೆ. ಕೊನೆಗೆ ಉಳಿದದ್ದು "ತಪ್ಪು ನನ್ನದೇ ಅಕ್ಕಾ" ಎಂದು ಶುರುವಾಗುವ ನಾಲ್ಕು ಸಾಲು.

"ನಿಮ್ಮಷ್ಟು ಅಳಿಸುವವರು ನಮ್ಮ ಆಫೀಸಲ್ಲಿ ಯಾರೂ ಇಲ್ಲ ಅತ್ತೆ" ಎಂದು ಸೊಸೆ ಹೊಗಳಿದಳು.

ಹಿಂದಕ್ಕೆ

ಅಪ್‌ಡೇಟ್ ತೆಗೆಯುವಾಗ ಕಾಗದ ಹೋದೀತೆಂದು ನಾನು ಸೊಸೆಯ ಕುರ್ಚಿಯ ಹಿಂದೆಯೇ ನಿಂತೆ. "ಉಂಟು ಅತ್ತೆ! ಏನೂ ಹೋಗ್ಲಿಲ್ಲ!" ಎಂದು ಅವಳು ಕೂಗಿದಳು. ನಮ್ಮವರು ಪೆನ್‌ಡ್ರೈವ್ ಒಯ್ದು, ಪೇಟೆಯಲ್ಲಿ ಪ್ರಿಂಟ್ ತೆಗೆಸಿ, ಅಂಚೆಗೆ ಹಾಕಿ ಬಂದರು.

ಸಂಜೆ ಸೊಸೆ ಸಾಲು ಸಾಲು ಹೋಲಿಸಿ ನೋಡಿ ಮೆಲ್ಲಗೆ ಬಂದಳು. "ಅತ್ತೆ... ನಿಜವಾಗಿಯೂ ಏನೂ ಹೋಗ್ಲಿಲ್ಲ."

ಹೊಸದರಲ್ಲಿ ಅಳಿಸಿದ ಸಾಲು ಒಳಗೇ ಅಡಗಿ ಕೂರುತ್ತದಂತೆ. ಹಳತಕ್ಕೆ ಅಡಗಿಸಲು ಗೊತ್ತಿಲ್ಲ, ಎಲ್ಲವನ್ನೂ ತೋರಿಸುತ್ತದೆ. ನಾನು ಬೈದದ್ದಷ್ಟೂ ಗದಗಿಗೆ ಹೊರಟಾಗಿತ್ತು.

"ಮೂರು ಹಾಳೆ ಬಂತಲ್ಲ, ನಿಮಗೆ ಸಂಶಯ ಬರಲಿಲ್ವಾ?" ಎಂದೆ ನಮ್ಮವರಿಗೆ.

"ನೀನು ನಾಲ್ಕು ಸಾಲಿಗೆ ನಿಲ್ಲಿಸುವವಳು ಅಂತ ನನಗೆಂತ ಗೊತ್ತು ಮಾರಾಯ್ತಿ?"

ಫೋನು

ಐದನೇ ದಿನ ಅಕ್ಕನ ಫೋನ್ ಬಂತು.

"ಅಕ್ಕಾ, ಆ ಬೈಗುಳ..."

"ಅದು ಇದ್ದದ್ದು ಛಲೋ ಆತು ನೋಡವಾ. ಬರೇ 'ತಪ್ಪು ನನ್ನದ' ಅಂತ ಇದ್ದಿದ್ದರ, ನಿನ್ನ ಸೊಸಿ ಬರದಾಳ ಅಂತ ತಿಳಕೊಂಡು ಫೋನ ಮಾಡ್ತಿರಲಿಲ್ಲ."