ಬಿಳಿ ಟೋಪಿ, ಒಣ ನಲ್ಲಿ

ಸಾರ್ವಜನಿಕರಿಗೆ ಸುಲಭವಾಗಿ ಸಿಗುವುದು ನಮ್ಮ ನೀರು ಸರಬರಾಜು ಮಂಡಳಿಯ ಪರಮ ಕರ್ತವ್ಯವಾಗಿದೆ. ನೀರು ಸಿಗುವ ವಿಚಾರ ಆಮೇಲಿನದು.

ಈ ಕರ್ತವ್ಯಕ್ಕೆ ಚ್ಯುತಿ ಬಂದದ್ದು ಹೆರಿಗೆ ಆಸ್ಪತ್ರೆಯ ಬೀದಿಯಲ್ಲಿ ನಲ್ಲಿಗಳು ಒಣಗಿದಾಗ. ಆಸ್ಪತ್ರೆಯ ಹಿರಿಯ ದಾದಿ ದೂರು ಕೊಡಲೆಂದು ಮೊಬೈಲಿನಲ್ಲಿ ‘ನಲ್ಲಿಯಲ್ಲಿ ನೀರಿಲ್ಲ’ ಎಂದು ಹುಡುಕಿದರು. ಮೊದಲು ಬಂದದ್ದು ಖಾಸಗಿ ಟ್ಯಾಂಕರಿನವನ ಜಾಲತಾಣ. ಆಮೇಲೆ, ಒಂಟೆ ನೀರಿಲ್ಲದೆ ಹೇಗೆ ಬದುಕುತ್ತದೆ ಎಂಬ ಲೇಖನ. ಮಂಡಳಿ ಇದ್ದದ್ದು ಅದಕ್ಕೂ ಎಷ್ಟೋ ಕೆಳಗೆ. ದಾದಿ ಕಚೇರಿಗೇ ಬಂದು ಇದನ್ನು ಹೇಳಿದಾಗ ಮುಖ್ಯ ಎಂಜಿನಿಯರ್ ಸಾಹೇಬರ ಮುಖ ಕಪ್ಪಿಟ್ಟಿತು.

“ಒಂಟೆಗಿಂತ ಕೆಳಗಾ?”

“ಸಾರ್, ಹಸುಗೂಸುಗಳಿಗೆ ಸ್ನಾನ ಮಾಡಿಸೋಕೂ ನೀರಿಲ್ಲ.”

“ಅದು ಗೊತ್ತಾಯ್ತಮ್ಮ. ಒಂಟೆ ಎಷ್ಟನೇದು?”

ಕೂಡಲೇ ತಜ್ಞರೊಬ್ಬರನ್ನು ಕರೆಸಲಾಯಿತು. ಹುಡುಕಾಟದ ಪಟ್ಟಿಯಲ್ಲಿ ಜಾಲತಾಣವನ್ನು ಮೇಲೇರಿಸಲು ಎರಡು ವಿಧಾನಗಳಿವೆ ಎಂದು ಅವರು ವಿವರಿಸಿದರು. ಜನರಿಗೆ ಬೇಕಾದ ನಿಜ ಮಾಹಿತಿ ಕೊಟ್ಟು ನಿಧಾನವಾಗಿ ಏರುವುದಕ್ಕೆ ಬಿಳಿ ಟೋಪಿ ಎನ್ನುತ್ತಾರೆ. ಹುಡುಕುವ ಯಂತ್ರದ ಕಣ್ಣಿಗೆ ಮಣ್ಣೆರಚಿ ಏರುವುದಕ್ಕೆ ಕರಿ ಟೋಪಿ.

“ಅಂತೂ ಟೋಪಿ ಹಾಕೋದು ಖಚಿತ,” ಎಂದರು ಸಾಹೇಬರು. “ನಮ್ಮದು ಮರ್ಯಾದಸ್ಥ ಕಚೇರಿ. ಬಿಳೀದೇ ಹಾಕೋಣ.”

‘ಇನ್ನು ಮುಂದೆ ಮಂಡಳಿಯು ಸಾರ್ವಜನಿಕರಿಗೆ ಬಿಳಿ ಟೋಪಿಯನ್ನು ಮಾತ್ರ ಹಾಕತಕ್ಕದ್ದು’ ಎಂದು ಸುತ್ತೋಲೆ ಹೊರಟಿತು.

ನಿಜ ಮಾಹಿತಿ ಎಂದರೆ ಯಾವ ಬೀದಿಗೆ ಯಾವಾಗ ನೀರು ಎಂದು ಬರೆಯಬೇಕು. ಅದು ಮಂಡಳಿಗೇ ಗೊತ್ತಿರಲಿಲ್ಲ. ಆದ್ದರಿಂದ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ, ಯಂತ್ರ ಓದುವಂತೆ, ಮನುಷ್ಯರಿಗೆ ಕಾಣದಂತೆ, ‘ನೀರಿಲ್ಲ ನೀರಿಲ್ಲ ನೀರಿಲ್ಲ’ ಎಂದು ತುಂಬಿಸಲಾಯಿತು. ತಜ್ಞರು ಹೌಹಾರಿದರು.

“ಸಾರ್, ಕರಿ ಟೋಪಿ ಅಂದ್ರೆ ಇದೇ!”

“ಕಣ್ಣು ನೆಟ್ಟಗಿದೆಯೇನ್ರೀ? ಬಿಳಿ ಮೇಲೆ ಬಿಳಿ. ಕಪ್ಪು ಎಲ್ಲಿದೆ, ತೋರಿಸಿ.”

ತಜ್ಞರು ಪುಟವೆಲ್ಲ ಹುಡುಕಿದರು. ದೂರಿನ ಫೋನ್ ನಂಬರ್ ಒಂದೇ ಕಪ್ಪಕ್ಷರದಲ್ಲಿತ್ತು. ಸುತ್ತೋಲೆಗೆ ವಿರುದ್ಧವಾದ್ದರಿಂದ ಅದನ್ನೂ ಬಿಳಿ ಮಾಡಲಾಯಿತು.

ಮಂಡಳಿ ಸರಸರ ಮೇಲೇರಿತು. ಒಂಟೆ ಕೆಳಗಿಳಿಯಿತು, ಟ್ಯಾಂಕರಿನವನೂ ಇಳಿದ. ಈ ಟ್ಯಾಂಕರಿನವನು ಸಾಹೇಬರ ಭಾವಮೈದ. “ನನ್ನ ಹೊಟ್ಟೆ ಮೇಲೇ ಹೊಡೆದ್ರಲ್ಲ ಭಾವ,” ಎಂದು ಮನೆಗೆ ಬಂದು ಗೋಳಾಡಿದ. ಸಾಹೇಬರು ಹೆಂಡತಿಯ ಮುಖ ನೋಡಿದರು. ಮರುದಿನ ಮಂಡಳಿಯ ಪುಟದಲ್ಲೇ ಟ್ಯಾಂಕರಿಗೆ ದಾರಿ ತೋರುವ ಗುಂಡಿಯೊಂದು ಬಂತು: ‘ನಲ್ಲಿಯಲ್ಲಿ ನೀರಿಲ್ಲದ ಬೀದಿಗಳಿಗೆ ಮಾತ್ರ.’ ಪುಟದಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಅದೊಂದೇ. ಜನ ಅದನ್ನೇ ಒತ್ತಿದರು. ಒತ್ತಿ ಒತ್ತಿ ಮಂಡಳಿಯನ್ನು ಮೊದಲ ಸ್ಥಾನಕ್ಕೆ ತಂದರು. ಸಾಹೇಬರಿಗೆ ಶಾಲು ಹೊದಿಸಲಾಯಿತು.

ಅಷ್ಟರಲ್ಲಿ ಅನಾಹುತ ನಡೆಯಿತು. ನೀರು ಬಿಡುವ ವಾಲ್ವ್‌ಮನ್ ಆಸ್ಪತ್ರೆ ಬೀದಿಯ ವಾಲ್ವು ಮುಚ್ಚಿಹೋಗಿದ್ದನ್ನು ಕಂಡು ತಿರುಗಿಸಿಬಿಟ್ಟ. ನೀರು ಬಂತು. ನೀರು ಬಂದ ಮೇಲೆ ನೀರಿಲ್ಲವೆಂದು ಹುಡುಕುವವರು ಯಾರು? ಮಂಡಳಿ ಮತ್ತೆ ಒಂಟೆಯ ಕೆಳಗೆ ಬಂದು ಕೂತಿತು.

“ಬಾಣಂತಿಯರಿದ್ದಾರೆ ಅಂತ ಬಿಟ್ಟೆ ಸಾರ್,” ಎಂದ ವಾಲ್ವ್‌ಮನ್, ವಿಚಾರಣೆಯಲ್ಲಿ.

‘ಮೇಲಧಿಕಾರಿಗಳನ್ನು ಕೇಳದೆ, ಎಲ್ಲರ ಕಣ್ಣಿಗೆ ಕಾಣುವಂತೆ ನೀರು ಬಿಟ್ಟಿರುವುದು ರುಜುವಾತಾಗಿದೆ. ಇದು ಕರಿ ಟೋಪಿ ವಿಧಾನ’ ಎಂದು ಆದೇಶವಾಯಿತು. ಅವನನ್ನು ಮನೆಗೆ ಕಳಿಸಿ ವಾಲ್ವು ಮುಚ್ಚಲಾಯಿತು. ಅದನ್ನು ತಿರುಗಿಸುವ ಕಬ್ಬಿಣದ ಕೀಲಿ ಸಾಹೇಬರ ಕಪಾಟು ಸೇರಿತು.

ದಾದಿ ಮತ್ತೆ ಓಡಿಬಂದರು. “ನಾಚಿಕೆ ಆಗಲ್ವಾ ನಿಮಗೆ? ಫೋನ್ ಮಾಡೋಣ ಅಂದ್ರೆ ನಂಬರಾದ್ರೂ ಎಲ್ಲಿದೆ?”

“ಇದೆಯಮ್ಮ, ಬಿಳಿಯಾಗಿದೆ,” ಎಂದರು ಸಾಹೇಬರು. ಅವರ ನಾಚಿಕೆಯೂ ಬಿಳಿಯಾಗಿದ್ದಿರಬೇಕು.

ಆಸ್ಪತ್ರೆ ಟ್ಯಾಂಕರಿಗೆ ಒಗ್ಗಿಕೊಂಡಿತು. ಭಾವಮೈದ ಹೇಳಿದ್ದೇ ದರ, ಬಂದದ್ದೇ ಹೊತ್ತು. ಮೊನ್ನೆ ಆಸ್ಪತ್ರೆಯ ಬಚ್ಚಲಿನ ನಲ್ಲಿ, ಯಾರ ಅನುಮತಿಯೂ ಇಲ್ಲದೆ, ಗೊರಗೊರ ಸದ್ದು ಮಾಡಿ ಸಣ್ಣಗೆ ಸುರಿಯತೊಡಗಿತು. ಆಯಾ ಬಕೆಟ್ ಹಿಡಿದು ಓಡಿದಳು.

“ಮುಚ್ಚೇ ಬೇಗ!” ಎಂದು ದಾದಿ ಕೂಗಿದರು. ಅವರ ತೊಡೆಯ ಮೇಲೆ ಸೋಪು ಹಚ್ಚಿದ ಕೂಸಿತ್ತು. “ನೀರು ಬಂತು ಅಂತ ಗೊತ್ತಾದ್ರೆ ಟ್ಯಾಂಕರ್ ನಿಲ್ಲಿಸ್ತಾರೆ. ಈ ನಲ್ಲೀನ ನಂಬ್ಕೊಂಡು ಕೂರೋಕಾಗುತ್ತಾ?”

ಆಯಾ ನಲ್ಲಿ ಬಿಗಿಯಾಗಿ ತಿರುಗಿಸಿದಳು. ದಾದಿ ಅಳುವ ಕೂಸನ್ನು ಸೋಪಿನ ಸಮೇತ ಬಟ್ಟೆಯಲ್ಲಿ ಸುತ್ತಿ, ಟ್ಯಾಂಕರ್ ಕರೆಸಲೆಂದು ಮೊಬೈಲ್ ತೆಗೆದು ‘ನಲ್ಲಿಯಲ್ಲಿ ನೀರಿಲ್ಲ’ ಎಂದು ಹುಡುಕಿದರು.

ಮಂಡಳಿ ಸುಲಭವಾಗಿ ಸಿಕ್ಕಿತು.