ಮೊದಲ ಸಾಲಿನಲ್ಲಿ ನಡೆದವರ ಪಟ್ಟಿ

ಗ್ರಂಥಾಲಯದ ಮುಂಬಾಗಿಲು ಎಲ್ಲ ಜನರಿಗೂ ತೆರೆಯಬೇಕೆಂದು ಐವತ್ತು ವರ್ಷಗಳ ಹಿಂದೆ ಹಳೆ ಸೇತುವೆಯ ಮೇಲೆ ಹೊರಟ ಮೆರವಣಿಗೆಯ ಮೊದಲ ಸಾಲಿನಲ್ಲಿ ನೂರ ಎಪ್ಪತ್ತಮೂರು ಹಾಲಿ ಮತ್ತು ಮಾಜಿ ಶಾಸಕರು ಅಕ್ಕಪಕ್ಕ ನಡೆದಿದ್ದರೆಂಬುದು ದಾಖಲೆಗಳಿಂದ ದೃಢಪಟ್ಟಿದೆ. ಸೇತುವೆಯ ಅಗಲ ಹನ್ನೊಂದು ಅಡಿ. ಸ್ಪಷ್ಟನೆ ಕೇಳಿದ್ದಕ್ಕೆ, ಸೇತುವೆಗಳು ವಯಸ್ಸಾದಂತೆ ಕುಗ್ಗುತ್ತವೆ ಎಂದು ಎಂಜಿನಿಯರು ಬರೆದುಕೊಟ್ಟರು. ಮೆರವಣಿಗೆಯಾದ ಆರು ವರ್ಷದ ಮೇಲೆ ಹುಟ್ಟಿದ ಸಚಿವರನ್ನು ‘ಮುಂಗಡ ಭಾಗಿ’ ಎಂದು ನಮೂದಿಸಲಾಗಿದೆ. ಗೆದ್ದೆತ್ತಿನ ಬಾಲ ಹಿಡಿಯಲು ಜನ್ಮದಿನಾಂಕ ಯಾಕೆ ಅಡ್ಡ ಬರಬೇಕು? ನಾನು ಸ್ಮಾರಕ ವಿಭಾಗದ ಗುಮಾಸ್ತ, ಹೊಟ್ಟೆಪಾಡಿನವ. ಕೊಟ್ಟದ್ದನ್ನು ಬರೆದುಕೊಳ್ಳುತ್ತೇನೆ.

ಸ್ಮಾರಕ ಫಲಕದ ಅನಾವರಣಕ್ಕೆ ಮೂರು ದಿನ ಇರುವಾಗ ಬಟ್ಟೆ ಹೊಲಿಯುವ ಮುದುಕಿಯೊಬ್ಬಳು ಬಂದಳು.

“ನಮ್ಮಕ್ಕನ ಹೆಸರು ಫಲಕದಲ್ಲಿ ಬರಬೇಕಪ್ಪಾ. ಸೇತುವೆ ಮೇಲೆ ತಲೆಗೆ ಕಲ್ಲು ಬಿದ್ದು ಅಲ್ಲೇ ಹೋದಳು. ನಾನು ಅವಳ ಕೈ ಹಿಡಕೊಂಡಿದ್ದೆ.”

“ಸಾಕ್ಷಿ?”

ಅವಳು ಕೂದಲು ಸರಿಸಿ ತನ್ನ ಹಣೆಯ ಕಲೆ ತೋರಿಸಿದಳು. ನಿಯಮ ಏಳರ ಪ್ರಕಾರ ಗಾಯ ಸಾಕ್ಷಿಯಲ್ಲ, ಅದು ಯಾರಿಗೆ ಬೇಕಾದರೂ ಆಗಬಹುದು. ಮೊದಲ ಸಾಲಿನ ಇಬ್ಬರ ಸಹಿ ಬೇಕು. ಕಳಿಸಿದೆ.

ಹಿರಿಯ ಶಾಸಕರು, “ನಾನು ಮುಂದಿದ್ದೆನಮ್ಮ. ಹಿಂದೆ ಯಾರಿದ್ರು ಅಂತ ತಿರುಗಿ ನೋಡೋಕಾಗುತ್ತಾ?” ಎಂದರಂತೆ. ಮುಂಗಡ ಭಾಗಿ ಸಚಿವರು ಸ್ವಲ್ಪ ಯೋಚಿಸಿ, “ಹೆಂಗಸರು ಬಂದಿದ್ದರೆ ನನಗೆ ನೆನಪಿರ್ತಿತ್ತು” ಎಂದರಂತೆ.

ಅವಳು ವಾಪಸು ಬಂದು ಬೆಂಚಿನ ಮೇಲೆ ಕೂತಳು. ನಮ್ಮ ಮೇಲಧಿಕಾರಿ ಒಳ್ಳೆಯವರು, ಯಾರನ್ನೂ ಬರಿಗೈಲಿ ಕಳಿಸುವವರಲ್ಲ. ಕಡತ ತಿರುವಿ ಹೇಳಿದರು: “ನಡೆದವರ ಪಟ್ಟಿ ತುಂಬಿ ತುಳುಕ್ತಿದೆ ತಾಯಿ. ಫಲಕದ ಇನ್ನೊಂದು ಬದಿಯ, ಮೆರವಣಿಗೆಗೆ ಕಲ್ಲು ಹೊಡೆದವರ ಪಟ್ಟಿ ಮಾತ್ರ ಖಾಲಿ. ಇಡೀ ಊರಲ್ಲಿ ಒಬ್ಬರೂ ಅರ್ಜಿ ಹಾಕಿಲ್ಲ. ಆ ಕಾಲಂ ಹಾಗೇ ಬಿಟ್ಟರೆ ಆಡಿಟ್‌ನವರು ಸುಮ್ಮನಿರಲ್ಲ. ಅದಕ್ಕಾದರೆ ಸಾಕ್ಷಿ ಬೇಡ.”

ನನಗೆ ನಾಚಿಕೆಯಾಯಿತು. ನಾಚಿಕೆಗೆ ನಮೂನೆಯಲ್ಲಿ ಜಾಗವಿಲ್ಲದ ಕಾರಣ ನಮೂದಿಸಿಲ್ಲ.

ಅವಳು ಸೆರಗಿನ ಅಂಚು ತಿರುವುತ್ತ ಕೇಳಿದಳು: “ಅಲ್ಲಿ ಬರೆದರೆ, ಅವಳು ಅವತ್ತು ಸೇತುವೆ ಮೇಲಿದ್ದಳು ಅಂತ ಆಗುತ್ತಾ?”

“ಸರ್ಕಾರಿ ದಾಖಲೆ ಪ್ರಕಾರ ಆಗುತ್ತೆ.”

“ಹಾಗಾದ್ರೆ ಬರಕೊಳ್ಳಿ. ಹೆಸರು ಮಾತ್ರ ತಪ್ಪಿಲ್ಲದ ಹಾಗೆ ಕೆತ್ತಿಸಿ.”

ಸೋಮವಾರ ಫಲಕದ ಅನಾವರಣವಾಯಿತು. ಒಂದು ಬದಿಯಲ್ಲಿ ನೂರ ಎಪ್ಪತ್ತಮೂರು ಹೆಸರು, ಇನ್ನೊಂದು ಬದಿಯಲ್ಲಿ ಒಂದೇ ಒಂದು. ಸಚಿವರು ಗದ್ಗದಿತರಾಗಿ, ಮೊದಲ ಸಾಲಿನ ಎಲ್ಲರ ಪರವಾಗಿ ಆ ಹೆಂಗಸನ್ನು ಕ್ಷಮಿಸಿರುವುದಾಗಿ ಘೋಷಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕ್ಷಮೆ ಸ್ವೀಕೃತವಾದ ಬಗ್ಗೆ ವಾರಸುದಾರಳಾದ ತಂಗಿಯಿಂದ ಮೂರು ಪ್ರತಿಗಳಲ್ಲಿ ಸಹಿ ಪಡೆದು ಕಡತ ಮುಕ್ತಾಯಗೊಳಿಸಿದೆ.