ಐವತ್ತೆರಡರಿಂದ ಅರವತ್ತೇಳಕ್ಕೆ

ಸೋಮನಾಥರ ಆ ದಿನದ ಸಂಕಟಕ್ಕೆಲ್ಲ ಮೂಲ ಒಂದು ಗಾಜು. ಅದರ ಹಿಂದೆ ಅವರ ಹೆಂಡತಿ ರತ್ನಮ್ಮ ನಗುತ್ತಿದ್ದಳು. ಅದರ ಮೇಲೆ ಅವರೇ ಬನಿಯನ್ನಿನಲ್ಲಿ ನಿಂತಿದ್ದರು.

ರತ್ನಮ್ಮ ತೀರಿಕೊಂಡು ನಾಳೆಗೆ ಒಂದು ವರ್ಷ. ತಿಥಿಗೆ ಬರುವ ನೆಂಟರ ಎದುರು ಹಾರ ಹಾಕಿ ಇಡಲು ದೊಡ್ಡದೊಂದು ಪಟ ಬೇಕಾಗಿತ್ತು. ಅವಳ ಮುಖ ನೆಟ್ಟಗೆ ಬಿದ್ದ ಚಿತ್ರ ಲೋಕದಲ್ಲಿ ಇದ್ದದ್ದು ಇದೊಂದೇ. ಎದುರುಮನೆಯ ಗೃಹಪ್ರವೇಶದಲ್ಲಿ ಯಾವುದೋ ಸ್ಟುಡಿಯೊದವನು ತೆಗೆದದ್ದು; ಆ ಸ್ಟುಡಿಯೊ ಈಗ ಮೊಬೈಲ್ ಕವರ್ ಮಾರುತ್ತದೆ. ಯಲಹಂಕದ ಹಳೆಯ ಗೋಡೆಯ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಬಿಡಿಸಹೋದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ಫೋಟೋ ತೆಗೆಯೋಣವೆಂದರೆ ಕಿಟಕಿ, ಗ್ರಿಲ್ಲು, ಸೋಮನಾಥರ ಬೋಳುತಲೆ ಎಲ್ಲವೂ ಕರೆಯದ ನೆಂಟರ ಹಾಗೆ ಬಂದು ಅವಳ ಹೆಗಲ ಪಕ್ಕದಲ್ಲಿ ಕೂರುತ್ತಿದ್ದವು. ಬೆಳಗ್ಗೆ ಫೋನಿನಲ್ಲಿ ತೆಗೆದ ಚಿತ್ರದಲ್ಲಂತೂ ಗಂಡಹೆಂಡತಿ ಒಂದೇ ಜಮಖಾನದ ಮೇಲೆ ಕೂತವರಂತೆ ಅಕ್ಕಪಕ್ಕದಲ್ಲಿ ಕಾಣಿಸಿದ್ದರು. ಸೋಮನಾಥರು ಅದನ್ನು ಅಳಿಸಿಹಾಕಿದರು.

ಮನೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ಹೆಬ್ಬಾಳ ಕೆರೆಯ ಹೆಜ್ಜಾರ್ಲೆಗಳು ರೆಕ್ಕೆ ಬಿಚ್ಚಿದ್ದು, ಮಡಿಸಿದ್ದು, ಆಕಳಿಸಿದ್ದು ಎಲ್ಲವೂ ಸೋಮನಾಥರ ಸಂಗ್ರಹದಲ್ಲಿ ಉಂಟು. "ನಮ್ಮಿಬ್ಬರದ್ದೂ ಒಂದು ತೆಗೀರಿ" ಎಂದು ರತ್ನಮ್ಮ ಕೇಳಿದಾಗಲೆಲ್ಲ ಅವರು ಆಕಾಶ ನೋಡಿ, "ಬೆಳಕು ಸರಿಯಾಗ್ಲಿ" ಎನ್ನುತ್ತಿದ್ದರು. ಬೆಳಕು ಸರಿಯಾಗುವಷ್ಟರಲ್ಲಿ ಅವಳೇ ಇಲ್ಲವಾದಳು.

ಗಾಜಿನ ಮುಂದೆ ನಿಂತಾಗ ಅವರಿಗೆ ಲೆನ್ಸಿನ ಬಾಯಿಗೆ ತಿರುಗಿಸಿ ಹಾಕುವ ಫಿಲ್ಟರ್ ಒಂದು ನೆನಪಾಯಿತು. ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರ್ ಹುದ್ದೆಯಿಂದ ಅವರು ನಿವೃತ್ತರಾದ ಸಂಜೆ ರತ್ನಮ್ಮ ಸೆರಗಿನಡಿಯಿಂದ ತೆಗೆದುಕೊಟ್ಟ ಉಡುಗೊರೆ ಅದು. "ಇದನ್ನ ಹಾಕಿದ್ರೆ ಗಾಜಿನ ಮೇಲಿನ, ನೀರಿನ ಮೇಲಿನ ಬಿಂಬವೆಲ್ಲ ಹೋಗತ್ತಂತೆ. ಕೆರೆಯೊಳಗಿನ ಮೀನೂ ಕಾಣತ್ತಂತೆ ಕಣ್ರೀ" ಎಂದಿದ್ದಳು. ಸೋಮನಾಥರು ಕನ್ನಡಕ ಏರಿಸಿ ಅದರ ಅಂಚಿನಲ್ಲಿದ್ದ ಸಂಖ್ಯೆ ಓದಿದರು: ಅರವತ್ತೇಳು. ಅವರ ಲೆನ್ಸಿನ ಬಾಯಿಯ ಅಳತೆ ಐವತ್ತೆರಡೇ ಮಿಲಿಮೀಟರ್. ನಕ್ಕುಬಿಟ್ಟರು.

"ಏನೇ, ನಿನ್ನ ಬಳೆ ಅಳತೆ ಕೊಟ್ಟು ತಂದ್ಯಾ?"

"ಒಂದ್ಸಲ ಹಾಕಿ ನೋಡ್ಬಾರ್ದಾ?"

"ನಂಬರ್ ಓದೋಕೆ ಬರಲ್ವಾ ನಂಗೆ? ಇಡೀ ಸರ್ವೀಸು ಅದೇ ಮಾಡಿದೀನಿ."

ಮುದ್ರೆಯಿದ್ದರೆ ತೂಕ ಸರಿ, ಇಲ್ಲದಿದ್ದರೆ ತಪ್ಪು ಎಂದು ಬದುಕಿದ ಮನುಷ್ಯ. ರತ್ನಮ್ಮ ದೀಪ ಹಚ್ಚಲು ಒಳಗೆ ಹೋದಳು. ಅಂದೇ ಬೆಳಗ್ಗೆ ಕಾಣೆಯಾಗಿದ್ದ ಲೆನ್ಸಿನ ಮುಚ್ಚಳ ಆ ರಾತ್ರಿ ಟೀವಿಯ ಮೇಲೆ ಪ್ರತ್ಯಕ್ಷವಾಯಿತು. ಅದಕ್ಕೂ ಸೋಮನಾಥರು ಅವಳನ್ನೇ ಗದರಿದರು. ಆಮೇಲೆ ನೆಂಟರಿಷ್ಟರೆದುರು ಈ ಬಳೆಯ ಕತೆ ಹೇಳಿ ನಗಿಸುವುದು ಅವರ ರೂಢಿಯಾಯಿತು. ಅವಳೂ ನಗುತ್ತಿದ್ದಳು, ಎದುರಿನ ಸೊಟ್ಟಹಲ್ಲು ಕಾಣುವ ಹಾಗೆ.

ಈಗ ಆ ಫಿಲ್ಟರೇ ಬೇಕಾಗಿತ್ತು. ಚಿಕ್ಕ ಲೆನ್ಸಿಗೂ ದೊಡ್ಡ ಫಿಲ್ಟರಿಗೂ ನಡುವೆ ಸಂಬಂಧ ಕುದುರಿಸುವ ರಿಂಗು ಒಂದುಂಟೆಂದು ಅವರು ಬಲ್ಲರು. ಅದನ್ನು ತಂದರಾಯಿತು. ಸಂಜೆ ಆರರೊಳಗೆ ಚಿತ್ರ ಕೊಟ್ಟರೆ ಪ್ರಿಂಟಿನವನು ಬೆಳಗ್ಗೆ ಪಟ ಕೊಡುತ್ತಾನೆ.

ಗೇಟು ದಾಟುವ ಮೊದಲೇ ಪಕ್ಕದ ಮನೆಯ ಪಟಾಲಮ್ಮ ಅಡ್ಡ ಬಂದು ವಿಷಯ ತಿಳಿದುಕೊಂಡಳು. "ಅಯ್ಯೋ ಸೋಮಣ್ಣ, ಅದ್ಕೆ ಅಷ್ಟು ದೂರ ಯಾಕೋಯ್ತೀರಾ? ಇಡ್ಲಿ ಪಾತ್ರೆ ಮ್ಯಾಲೆ ಇಂಗೆ ಆವಿ ಇಡೀರಿ, ಪಟ ತಾನೇ ಬುಟ್ಕೊಂತದೆ. ನಮ್ಮ ಮೊಮ್ಮಗಳ ಮಾರ್ಕ್ಸ್ ಕಾರ್ಡು ಅಂಗೇ ಬಿಡಿಸಿದ್ದು."

"ಬಿಟ್ಕೊಂಡ್ತಾ?"

"ಬಿಟ್ಕೊಂತು. ಮಾರ್ಕ್ಸು ಮಾತ್ರ ಓಯ್ತು."

ಅಷ್ಟರಲ್ಲಿ ಎದುರುಮನೆಯ ಮಹೇಂದ್ರ ಕಾರು ನಿಲ್ಲಿಸಿದ. ತಾತನ ರಾಗಿಹೊಲದಲ್ಲಿ ನಾಲ್ಕಂತಸ್ತು ಎಬ್ಬಿಸಿದವನು. ಊರಿನವರ ಕಷ್ಟವೆಂದರೆ ತನ್ನ ಆಸ್ತಿಯೆಂದೇ ಭಾವಿಸುವ ಪರೋಪಕಾರಿ. "ಅಂಕಲ್, ಯಾವ ಕಾಲದಲ್ಲಿದೀರಾ? ಆ್ಯಪ್ ಇದೆ!" ಎಂದವನೇ ಒಳನುಗ್ಗಿ ಗಾಜಿಗೆ ಫೋನು ಹಿಡಿದು, ಬೆರಳಾಡಿಸಿ ತೋರಿಸಿದ. ಬಿಂಬ ಮಾಯವಾಗಿತ್ತು, ನಿಜ. ಜೊತೆಗೆ ರತ್ನಮ್ಮನೂ ಮಾಯವಾಗಿದ್ದಳು. ಅಲ್ಲಿದ್ದವಳು ಯಾವುದೋ ವಾರ್ತಾವಾಚಕಿ: ಹಾಲು ಬಣ್ಣ, ತುಟಿಗೆ ಕೆಂಪು, ಬೇಲಿ ಹಾಕಿದಂತೆ ನೆಟ್ಟಗಿನ ಹಲ್ಲು.

"ಇವರು ಯಾರಪ್ಪ?"

"ಆಂಟಿನೇ ಅಂಕಲ್! ಸ್ವಲ್ಪ ಕ್ಲಿಯರ್ ಆಗಿದಾರೆ ಅಷ್ಟೇ."

"ಬೇಡಪ್ಪ. ಆ ಹಲ್ಲು ಇಲ್ದಿದ್ರೆ ಅವಳಲ್ಲ."

"ಟೆನ್ಷನ್ ತಗೋಬೇಡಿ ಅಂಕಲ್, ಎಲ್ಲ ನಂಗೆ ಬಿಡಿ."

ಪಟಾಲಮ್ಮನ ಆವಿಗೆ ಹೆದರಿ ಸೋಮನಾಥರು ಮನೆಗೆ ಬೀಗ ಹಾಕಿದರು. ಮಹೇಂದ್ರನ ಔದಾರ್ಯಕ್ಕೆ ಹಾಕುವಂಥ ಬೀಗ ಅವರಲ್ಲಿರಲಿಲ್ಲ.

ಆರ್.ಟಿ. ನಗರದಲ್ಲಿ ರಹಮತುಲ್ಲಾ ಎಂಬವರದು ಹಳೆಯ ಕ್ಯಾಮೆರಾ ಅಂಗಡಿ. ಅವರು ಬಿಸ್ಕತ್ತಿನ ಡಬ್ಬವೊಂದನ್ನು ಗಾಜಿನ ಮೇಜಿಗೆ ಸುರಿದರು. ಕಪ್ಪು ರಿಂಗುಗಳು ಬಳೆಗಾರನ ಮಲಾರ ಬಿಚ್ಚಿದಂತೆ ಹರಡಿಕೊಂಡವು. ಪ್ರತಿಯೊಂದರ ಮೈಮೇಲೂ ಎರಡೆರಡು ಸಂಖ್ಯೆ. ಸೋಮನಾಥರು ತಮ್ಮೆರಡೂ ಸಂಖ್ಯೆ ಇದ್ದದ್ದನ್ನು ಹೆಕ್ಕಿ ಗೆದ್ದವರಂತೆ ಎತ್ತಿ ಹಿಡಿದರು.

"ಅದು ಉಲ್ಟಾ ಸಾರ್. ಅರವತ್ತೇಳರಿಂದ ಐವತ್ತೆರಡಕ್ಕೆ. ದೊಡ್ಡ ಲೆನ್ಸಿಗೆ ಚಿಕ್ಕ ಫಿಲ್ಟರ್ ಹಾಕೋರಿಗೆ. ನಿಮ್ಗೆ ಬೇಕಿರೋದು ಐವತ್ತೆರಡರಿಂದ ಅರವತ್ತೇಳಕ್ಕೆ. ಲೆನ್ಸಿನ ನಂಬರ್ ಮೊದಲು ಬರ್ಬೇಕು." ರಹಮತುಲ್ಲಾ ಇನ್ನೊಂದನ್ನು ಹುಡುಕಿಕೊಟ್ಟರು. "ಫಿಲ್ಟರ್ ಎಲ್ಲಿ? ಇಲ್ಲೇ ಹಾಕಿ ನೋಡೋಣ."

"ಮನೇಲಿದೆ. ಒಡೆದೀತು ಅಂತ ತರ್ಲಿಲ್ಲ. ನಂಬರ್ ಓದ್ಕೊಂಡು ಬಂದಿದೀನಲ್ಲ."

"ನಂಬರ್ ನಂಬ್ಕೊಂಡು ಹೆಣ್ಣೂ ನೋಡಬಾರ್ದು, ರಿಂಗೂ ತಗೋಬಾರ್ದು ಸಾರ್. ಬುದ್ಧಿವಂತ್ರು ಲೆನ್ಸಿನ ಮುಚ್ಚಳನಾದ್ರೂ ತರ್ತಾರೆ." ಅವರು ನಕ್ಕರು. "ಆದ್ರೂ ಫಿಲ್ಟರ್ ದೊಡ್ಡದು ತಗೊಂಡಿದೀರಲ್ಲ, ಅದು ಜಾಣತನ. ರಿಂಗ್ ಬದಲಾಯಿಸ್ಕೊಂಡ್ರೆ ಒಂದೇ ಫಿಲ್ಟರ್ ಎಲ್ಲಾ ಲೆನ್ಸಿಗೂ ಆಗತ್ತೆ. ಯಾರು ಆರಿಸಿದ್ದು?"

ಸೋಮನಾಥರು ರಿಂಗಿನ ದುಡ್ಡು ಎಣಿಸಿಕೊಟ್ಟರು. ಜಾಣತನ ಎಂಬ ಆ ಪದ ನೆಂಟರ ಮುಂದಿನ ಅಷ್ಟೂ ನಗುವಿನ ಮೇಲೆ ತಣ್ಣೀರಿನಂತೆ ಬಿತ್ತು.

ಮರಳುವ ಬಸ್ಸು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಂದಿನಂತೆ ಧ್ಯಾನಸ್ಥವಾಯಿತು. ಕೆಳಗೆ ಕೆರೆ, ಕೆರೆಯಲ್ಲಿ ಹೆಜ್ಜಾರ್ಲೆಗಳು. ಸೋಮನಾಥರು ಇಂದು ಅವುಗಳತ್ತ ನೋಡಲಿಲ್ಲ. ನಂಬರಿನ ಹಮ್ಮಿನಲ್ಲಿ ಅಂಗಡಿಯವರಿಗೂ ತೋರಿಸದಿದ್ದ ಕ್ಯಾಮೆರಾವನ್ನು ತಡೆಯಲಾರದೆ ಚೀಲದಿಂದ ತೆಗೆದು, ರಿಂಗನ್ನು ಲೆನ್ಸಿಗಿಟ್ಟು ತಿರುಗಿಸಿದರು. ಅದೇ ಗಳಿಗೆಗೆ ಬಸ್ಸಿಗೆ ಜ್ಞಾನೋದಯವಾಗಿ ಮುಂದಕ್ಕೆ ಜಿಗಿಯಿತು. ರಿಂಗು ವಾರೆಯಾಗಿ ಕಚ್ಚಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

"ಏನ್ ಯಜಮಾನ್ರೇ, ಟೈಟಾ? ಕೊಡಿ ಇಲ್ಲಿ" ಎಂದ ಪಕ್ಕದಲ್ಲಿದ್ದವನು. ಅವನ ತೋಳು ಚೆನ್ನಾಗಿತ್ತು. ರಿಂಗು ಇನ್ನಷ್ಟು ವಾರೆಯಾಯಿತು.

"ಕೊಬ್ಬರಿ ಎಣ್ಣೆ ಬಿಡ್ರೀ" ಎಂದಳು ಹಿಂದಿನ ಸೀಟಿನ ಹೆಂಗಸು, ಚೀಲದಲ್ಲಿ ಹುಡುಕತೊಡಗುತ್ತ.

"ಬೇಡಮ್ಮ, ಒಳಗೆ ಗಾಜಿದೆ!"

"ನಮ್ಮನೆ ಉಪ್ಪಿನಕಾಯಿ ಜಾಡಿಯೂ ಗಾಜೇ ಕಣ್ರೀ."

ಕಂಡಕ್ಟರನೂ ಟಿಕೆಟ್ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಕೈ ನೋಡಿದ. ಕ್ಯಾಮೆರಾ ಪ್ರಸಾದದ ತಟ್ಟೆಯಂತೆ ಸೀಟಿನಿಂದ ಸೀಟಿಗೆ ಸಾಗಿ, ಮರಳಿ ಬಂದಾಗ ಲೆನ್ಸಿನ ತುಂಬ ಹತ್ತಾರು ಹೆಬ್ಬೆಟ್ಟಿನ ಗುರುತುಗಳಿದ್ದವು. ರಿಂಗು ಮಾತ್ರ ಇದ್ದಲ್ಲೇ ಇತ್ತು. ಮುಂದಿನ ನಿಲ್ದಾಣದಲ್ಲಿ ಇಳಿದ ಸೋಮನಾಥರು, ಮಗುವಿಗೆ ಪೆಟ್ಟಾದ ತಂದೆಯಂತೆ ಕ್ಯಾಮೆರಾ ಅಪ್ಪಿಕೊಂಡು ಮತ್ತೆ ಆರ್.ಟಿ. ನಗರದ ಬಸ್ಸು ಹತ್ತಿದರು.

ರಹಮತುಲ್ಲಾ ರಿಂಗಿಗೆ ರಬ್ಬರಿನ ಪಟ್ಟಿ ಸುತ್ತಿ, ಉಸಿರು ಬಿಗಿಹಿಡಿದು ಬಿಡಿಸಿದರು. ರಿಂಗು ಸೊಟ್ಟಗಾಗಿತ್ತು. ಲೆನ್ಸು ಒರೆಸಿ, ಅಂಥದೇ ಹೊಸದೊಂದನ್ನು ತಾವೇ ಕೂರಿಸಿಕೊಟ್ಟರು. "ಇನ್ನು ಫಿಲ್ಟರ್ ಹಾಕೋದಷ್ಟೇ. ದಾರಿಯಲ್ಲಿ ಮುಟ್ಬೇಡಿ."

ಯಲಹಂಕದಲ್ಲಿ ಇಳಿಯುವಾಗ ಆರು ದಾಟಿತ್ತು. ರಸ್ತೆಯ ತಿರುವಿಗೆ ಬಂದ ಸೋಮನಾಥರು ನಿಂತುಬಿಟ್ಟರು. ಕರೆಂಟು ಕಂಬಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ನಡುವೆ ಹಾಲುಬಣ್ಣದ ವಾರ್ತಾವಾಚಕಿ. ಕೆಳಗೆ ಕೈಮುಗಿದು ನಿಂತ ಮಹೇಂದ್ರ. ಅವನ ಅಕ್ಕಪಕ್ಕ ಕಪ್ಪು ಕನ್ನಡಕ ಧರಿಸಿ ದುಃಖಿಸುತ್ತಿದ್ದ ಗೆಳೆಯರ ಬಳಗ.

"ಅಂಕಲ್, ಸರ್‌ಪ್ರೈಸ್! ಇದರದೇ ಫ್ರೇಮೂ ಬೆಳಗ್ಗೆ ಬರತ್ತೆ" ಎಂದು ಮಹೇಂದ್ರ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಂಥವನನ್ನು ಬಯ್ಯುವುದು ಹೇಗೆ?

ಪಟಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ರತ್ನಮ್ಮ ಏಟು ಲಕ್ಷಣವಾಗವ್ಳೆ! ಬದುಕಿದ್ದಾಗ ನಾವೇ ಸರ್ಯಾಗಿ ನೋಡ್ನಿಲ್ಲ ಅನ್ನಿಸ್ತದೆ ಸೋಮಣ್ಣ."

"ಹೌದಮ್ಮ" ಎಂದರು ಸೋಮನಾಥರು. "ನಾನಂತೂ ನೋಡ್ಲಿಲ್ಲ."

ಬೀಗ ತೆಗೆದು ಒಳಗೆ ಹೋದರು. ಇನ್ನು ಈ ಚಿತ್ರ ಯಾರಿಗೂ ಬೇಕಾಗಿರಲಿಲ್ಲ. ಅವರಿಗೆ ಮಾತ್ರ ಬೇಕಾಗಿತ್ತು. ಪಡುವಣ ಕಿಟಕಿಯಲ್ಲಿ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಫಿಲ್ಟರನ್ನು ಅದರ ಡಬ್ಬಿಯಿಂದ ಮೊದಲ ಬಾರಿಗೆ ಹೊರತೆಗೆದು ರಿಂಗಿನ ಮೇಲಿಟ್ಟು ತಿರುಗಿಸಿದರು. ಅದು ತಿರುಗಿತು; ಹಿಡಿಯಲಿಲ್ಲ. ಇನ್ನೂ ತಿರುಗಿಸಿದರು. ಬರಿದೆ ಬಾವಿಯ ಗಾಲಿಯ ಹಾಗೆ ತಿರುಗುತ್ತಲೇ ಇತ್ತು.

ಅಳತೆ ಎಲ್ಲಿ ತಪ್ಪಿತು? ಕನ್ನಡಕ ಏರಿಸಿ ಫಿಲ್ಟರಿನ ಮುಂದಿನ ಅಂಚು ಓದಿದರು. ಅರವತ್ತೇಳು. ಸರಿಯಾಗಿಯೇ ಇದೆ. ಆಮೇಲೆ, ಸರ್ವೀಸಿನಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು: ಮಗುಚಿ ನೋಡಿದರು.

ಫಿಲ್ಟರಿನ ಬೆನ್ನಿಗೆ ಇನ್ನೊಂದು ಕಪ್ಪು ರಿಂಗು ಮೊದಲೇ ಕೂತಿತ್ತು. ಅದರ ಮೈಮೇಲೆ ಸಣ್ಣ ಅಕ್ಷರ: ಐವತ್ತೆರಡರಿಂದ ಅರವತ್ತೇಳಕ್ಕೆ.

ಅಂದು ಕಾಣೆಯಾಗಿದ್ದ ಮುಚ್ಚಳ ಎಲ್ಲಿಗೆ ಹೋಗಿತ್ತೆಂದು ಅವರಿಗೆ ಈಗ ತಿಳಿಯಿತು. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಅಂಗಡಿಗೆ ಹೋಗಿದ್ದಳು. ಅಳತೆ ಕೊಟ್ಟು, ಎಲ್ಲ ಲೆನ್ಸಿಗೂ ಆಗುವ ದೊಡ್ಡದನ್ನೇ ಆರಿಸಿ, ರಿಂಗು ಕೂರಿಸಿಕೊಂಡೇ ತಂದಿದ್ದಳು. ಒಂದ್ಸಲ ಹಾಕಿ ನೋಡ್ಬಾರ್ದಾ ಎಂದಷ್ಟೇ ಕೇಳಿದ್ದಳು.

ಹೊಸ ರಿಂಗನ್ನು ಬಿಚ್ಚಿಟ್ಟು, ಅವಳ ಫಿಲ್ಟರನ್ನು ನೇರವಾಗಿ ಲೆನ್ಸಿಗಿಟ್ಟರು. ಇದಕ್ಕೇ ಕಾದಿದ್ದ ಹಾಗೆ ಅದು ಮೆಲ್ಲಗೆ ಒಳಸೇರಿತು. ತುಸು ಓರೆಯಾಗಿ ನಿಂತು, ಕ್ಯಾಮೆರಾದಲ್ಲಿ ನೋಡುತ್ತ ಫಿಲ್ಟರಿನ ಮುಂದಿನ ಬಳೆಯನ್ನು ತಿರುಗಿಸಿದರು. ಮೊದಲು ಕಿಟಕಿ ಕರಗಿತು. ಗ್ರಿಲ್ಲು ಕರಗಿತು. ಬೋಳುತಲೆಯೂ ಕರಗಿ, ಗಾಜಿನೊಳಗೆ ರತ್ನಮ್ಮ ಒಬ್ಬಳೇ ಉಳಿದಳು, ಸೊಟ್ಟಹಲ್ಲಿನ ಸಮೇತ. ಬೇಕಾದದ್ದು ಇದೇ. ಬೆಳಗಿನಿಂದ ಅಲೆದದ್ದು ಇದಕ್ಕೇ. ಆದರೆ ಬೆರಳು ಗುಂಡಿ ಒತ್ತಲೊಲ್ಲದು. ಅವಳು ತೀರ ಒಂಟಿಯಾಗಿದ್ದಳು.

ನಮ್ಮಿಬ್ಬರದ್ದೂ ಒಂದು.

ಸೋಮನಾಥರು ಬಳೆಯನ್ನು ಹಿಂದಕ್ಕೆ ತಿರುಗಿಸಿದರು. ಬೋಳುತಲೆ ನಿಧಾನವಾಗಿ ಮರಳಿ ಬಂದು ಅವಳ ಹೆಗಲ ಪಕ್ಕದಲ್ಲಿ ಕೂತಿತು. ಬೆಳಕು ಸರಿಯಾಗಿತ್ತು. ಒತ್ತಿದರು.

ಬಾಗಿಲಲ್ಲಿ ಪಟಾಲಮ್ಮ ನಿಂತಿದ್ದಳು. "ರಿಂಗು ಸಿಕ್ತಾ ಸೋಮಣ್ಣ?"

"ಸಿಕ್ತಮ್ಮ. ಮನೇಲೇ ಇತ್ತು."

"ಪಟ?"

ಅವರು ಕ್ಯಾಮೆರಾದ ಪರದೆಯನ್ನು ನೋಡುತ್ತಲೇ ಹೇಳಿದರು: "ಬೆಳಗ್ಗೆ ಅಳಿಸಿದ್ದೇ ಮತ್ತೆ ಬಂತು."

ಪಟಾಲಮ್ಮ ಇಣುಕಿದಳು. ಗಾಜಿನ ಮೇಲಿನ ಬೋಳುತಲೆಯನ್ನೂ ಸೋಮನಾಥರ ಒದ್ದೆಯಾಗಿದ್ದ ಕೆನ್ನೆಯನ್ನೂ ಕಂಡು ನಿಟ್ಟುಸಿರಿಟ್ಟಳು.

"ಅದ್ಕೇ ಯೋಳಿದ್ದು ನಾನು, ಆವಿ ಇಡೀರಿ ಅಂತ."